ಜೀನಿಗೆ ಪಾಲಿಶ್ ಹೊಡೆದವರು

ಹಳೆಯ ಕುದುರೆ ಜೀನುಗಳಿಗೆ ಈಗ ಒಳ್ಳೆಯ ಕಾಲ ಬಂದಿದೆ ಎನ್ನುವವರಿದ್ದಾರೆ. ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳ ಗೋಡೆಯ ಮೇಲೆ, ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ, ಕಲ್ಯಾಣಮಂಟಪಗಳ ಸೆಲ್ಫಿ ಮೂಲೆಯಲ್ಲಿ ಅವು ಮಿರಮಿರ ಮಿಂಚುತ್ತಿವೆ. ಹಾಗೆ ಮಿಂಚಿಸುವವರಿಗೆ ಪರಂಪರೆ ಉಳಿಸುವವರು ಎಂಬ ಬಿರುದೂ ಸಿಕ್ಕಿದೆ. ಈ ಬಿರುದು ಸಲ್ಲದು ಎಂದು ಮೊದಲೇ ಹೇಳಿಬಿಡುತ್ತೇನೆ. ಇವರಲ್ಲಿ ಬಹುಪಾಲು ಮಂದಿ ಜೀರ್ಣೋದ್ಧಾರದ ಹೆಸರಿನಲ್ಲಿ ಮಾಡುತ್ತಿರುವುದು ಗುರುತು ಅಳಿಸುವ ಕೆಲಸ.

ಮೈಸೂರು ಸೀಮೆಯ ಕುದುರೆಯ ಕಥೆ ಓದುಗರಿಗೆ ಹೊಸದಲ್ಲ. 1807ರ ಒಪ್ಪಂದದಂತೆ ಸಂಸ್ಥಾನ 4,000 ಸವಾರರನ್ನು ಸಾಕಬೇಕಾಗಿ ಬಂದದ್ದು, 1892ರಲ್ಲಿ ಲ್ಯಾನ್ಸರ್ಸ್ ಪಡೆ ಕಟ್ಟಿದ್ದು, ಅದೇ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ್ದು ಎಲ್ಲರೂ ಬಲ್ಲ ಸಂಗತಿ. ಸಿಲೆದಾರರ ವಿಚಾರ ಮಾತ್ರ ಮರೆತುಹೋಗುತ್ತದೆ. ಸಿಲೆದಾರ ಎಂದರೆ ಕುದುರೆ, ಜೀನು, ಕತ್ತಿ ಎಲ್ಲವನ್ನೂ ತಾನೇ ತಂದು ಚಾಕರಿಗೆ ನಿಲ್ಲುವವನು. ಅವನ ಜೀನು ಅವನ ಊರಿನಲ್ಲೇ ಹೊಲಿದದ್ದು: ಬಟ್ಟೆ, ಉಣ್ಣೆ, ಚರ್ಮ ಸೇರಿಸಿ ಮಾಡಿದ ತಡಿ. ಅಂಥವು ಗೆದ್ದಲಿಗೆ, ಇಲಿಗೆ, ಮಳೆಗೆ ಆಹುತಿಯಾದವು. ಇವತ್ತು ನಮ್ಮ ಅಟ್ಟಗಳಲ್ಲಿ ಸಿಗುವುದು ಹೆಚ್ಚಾಗಿ ಪಲ್ಟನ್ನಿನಿಂದ ಹರಾಜಾಗಿ ಬಂದ ಸರಕು, ಇಲ್ಲವೇ ಕಾಫಿ ತೋಟದ ದೊರೆಗಳು ಬಿಟ್ಟುಹೋದ ಇಂಗ್ಲಿಷ್ ಜೀನು. ಈ ಸರಳ ಸಂಗತಿ ನೆನಪಿದ್ದರೆ, ಕಂಡ ಜೀನಿಗೆಲ್ಲ ಟಿಪ್ಪು ಕಾಲದ್ದು ಎಂಬ ಚೀಟಿ ಅಂಟಿಸುವ ಚಪಲ ಅರ್ಧ ಇಳಿಯುತ್ತದೆ.

ಕಡೂರು ಕಡೆಯ ಹಿರೇನಲ್ಲೂರಿನ ಒಂದು ಮನೆಯಲ್ಲಿ ಅಂಥ ಚೀಟಿ ಹೊತ್ತ ಜೀನೊಂದಿದೆ. ಮನೆಯವರು ಅಟ್ಟದಿಂದ ಇಳಿಸಿ, ರಿಪೇರಿಗೆ ಪಟ್ಟಣಕ್ಕೆ ಕಳಿಸಿ, ಚೆನ್ನಾಗಿಯೇ ದುಡ್ಡು ಕೊಟ್ಟು ವಾಪಸು ತರಿಸಿದ್ದಾರೆ. ಬಂದವರೆಲ್ಲ ಹೊಗಳಿದ್ದಾರೆ. ನಾನೂ ನೋಡಿದೆ. ಕೆಳಗಿನಿಂದ ನೋಡಿದೆ, ಜೀನನ್ನು ನೋಡಬೇಕಾದದ್ದೇ ಹಾಗೆ. ಕೂರುವ ಮೈ ಸವಾರನ ಠೀವಿಯನ್ನಷ್ಟೇ ಹೇಳುತ್ತದೆ, ಉಳಿದದ್ದೆಲ್ಲ ಹೊಟ್ಟೆಯ ಕಡೆ ಇರುತ್ತದೆ.

ಬೋರಲು ಹಾಕಿದ ಕೂಡಲೇ ಮುಂದೊಂದು, ಹಿಂದೊಂದು ಉಕ್ಕಿನ ಕಮಾನು ಕಂಡವು. ಅವೆರಡನ್ನೂ ಜೋಡಿಸುವ ಮರದ ಹಲಗೆ ಎರಡು ಪಕ್ಕಕ್ಕೂ ಒಂದೊಂದು. ಹಲಗೆಗಳು ಕಮಾನಿಗೆ ಬಿಗಿಯಾಗಿ ಕೂತಿಲ್ಲ, ಕೀಲಿನ ಮೇಲೆ ಅಷ್ಟಿಷ್ಟು ತಿರುಗುತ್ತವೆ. ಬ್ರಿಟಿಷ್ ಸೈನ್ಯದ 1912ರ ಮಾದರಿಯ ಲಕ್ಷಣ ಇದು. ದಂಡಯಾತ್ರೆಯಲ್ಲಿ ಕುದುರೆ ಬಡಕಲಾದಾಗ ಅದರ ಬೆನ್ನಿನ ಇಳಿಜಾರಿಗೆ ಹಲಗೆಯೂ ಹೊಂದಿಕೊಳ್ಳಲಿ ಎಂದು ಮಾಡಿದ ಏರ್ಪಾಡು. ಪಕ್ಕದ ಚರ್ಮದ ಮೇಲೆ ಅರ್ಧ ಅಳಿಸಿಹೋದ ಮುದ್ರೆಯೂ ಇದೆ: ಸರ್ಕಾರಿ ಸ್ವತ್ತಿನ ಬಾಣದ ಗುರುತು, ಅದರೊಡನೆ ಭಾರತವನ್ನು ಸೂಚಿಸುವ ‘ಐ’ ಅಕ್ಷರ. ಇದು ಬಹುಶಃ ಕಾನ್ಪುರದ್ದು. 1857ರ ದಂಗೆಯ ನಂತರ ಸೈನ್ಯಕ್ಕೆಂದೇ ತಲೆಯೆತ್ತಿದ ಸರ್ಕಾರಿ ಜೀನು ಕಾರ್ಖಾನೆ ಅಲ್ಲಿತ್ತು. ಟಿಪ್ಪು ಸತ್ತದ್ದು 1799ರಲ್ಲಿ. ಚೀಟಿ ಬರೆದವರು ಜೀನನ್ನು ಒಂದು ಸಲವೂ ಮಗುಚಿ ನೋಡಿರಲಾರರು.

ಕಾಲ ತಪ್ಪು ಹೇಳಿದ್ದನ್ನು ಕ್ಷಮಿಸಬಹುದು. ಆ ಮುದ್ರೆ ಅರ್ಧ ಅಳಿದದ್ದು ಮಾತ್ರ ವಯಸ್ಸಿನಿಂದಲ್ಲ, ಉಪ್ಪುಕಾಗದದಿಂದ. ಬಣ್ಣ ಚೆನ್ನಾಗಿ ಹಿಡಿಯಲಿ ಎಂದು ಮೇಲ್ಮೈ ಉಜ್ಜಿದ್ದಾರೆ. ಇಸವಿ ಇರಬೇಕಾದ ಜಾಗದಲ್ಲಿ ಈಗ ನುಣುಪಾದ ಕಂದು ಬಣ್ಣ.

ಸವಾರ ಕಾಲಿಡುವ ರಿಕಾಬಿನ ಪಟ್ಟಿಗಳಿಗೆ ಬರೋಣ. ನನ್ನ ತಕರಾರಿನ ಮೂಲ ಅಲ್ಲಿದೆ. ಸವಾರ ಕುದುರೆ ಹತ್ತುವುದು ಎಡಗಡೆಯಿಂದ. ಇಡೀ ಮೈಭಾರ ದಿನಾ ಎಡ ಪಟ್ಟಿಯ ಮೇಲೆ ಬೀಳುವುದರಿಂದ ಅದು ಬಲ ಪಟ್ಟಿಗಿಂತ ಉದ್ದವಾಗುತ್ತದೆ. ಜೋಪಾನ ಮಾಡುವ ಸವಾರ ಆಗಾಗ ಎರಡನ್ನೂ ಅದಲುಬದಲು ಮಾಡುತ್ತಾನೆ. ಆದ್ದರಿಂದ ಹಳೆಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಅಳೆದರೆ ಸವಾರ ಎಂಥವನೆಂದು ತಿಳಿಯುತ್ತದೆ. ಯಾವ ತೂತು ಮೊಟ್ಟೆಯ ಆಕಾರಕ್ಕೆ ಹಿಗ್ಗಿದೆಯೋ ಅದರಿಂದ ಅವನ ಕಾಲಿನ ಉದ್ದ ಅಂದಾಜಾಗುತ್ತದೆ. ಎರಡು ತೂತು ಹಿಗ್ಗಿದ್ದರೆ ಆ ಜೀನಿನ ಮೇಲೆ ಇಬ್ಬರಾದರೂ ಕೂತಿದ್ದಾರೆ. ಹಿರೇನಲ್ಲೂರಿನ ಜೀನಿಗೆ ಹೊಸ ಪಟ್ಟಿಗಳು ಬಂದಿವೆ. ಹಳೆಯವು ಎಲ್ಲಿ ಎಂದು ಕೇಳಿದೆ. ಬೆಂಡಾಗಿದ್ದವಂತೆ, ರಿಪೇರಿಯವರೇ ಬಿಸಾಡಿದರಂತೆ. ಸವಾರಿಗೆ ಹೊಸ ಪಟ್ಟಿ ಬೇಕೇ ಬೇಕು, ಹಳೆಯದನ್ನು ನಂಬಿ ಹತ್ತಿದರೆ ಸೊಂಟ ಮುರಿಯುತ್ತದೆ. ಆದರೆ ಈ ಜೀನು ಮತ್ತೆ ಕುದುರೆ ಕಾಣುವುದಿಲ್ಲ, ಗೋಡೆಯ ಮೇಲೆಯೇ ಇರುತ್ತದೆ. ಗೋಡೆಗೆ ಹೊಸ ಪಟ್ಟಿ ಯಾಕೆ?

ಒಳಮೈ ಮೆತ್ತೆಯನ್ನೂ ಹಾಗೆಯೇ ಕಿತ್ತು ಫೋಮ್ ಹಾಳೆ ತುಂಬಿದ್ದಾರೆ. ಹಳೆಯ ಮೆತ್ತೆಯ ಮೇಲಿದ್ದಿರಬಹುದಾದ ಬೆವರಿನ ಕಲೆ ಕುದುರೆಯ ಬೆನ್ನಿನ ಅಚ್ಚು. ಒಂದು ಪಕ್ಕಕ್ಕೆ ಹೆಚ್ಚು ಕಪ್ಪಾಗಿದ್ದರೆ ಸವಾರ ವಾಲಿ ಕೂರುತ್ತಿದ್ದ ಅಥವಾ ಕುದುರೆಯ ಒಂದು ಭುಜ ದಪ್ಪಗಿತ್ತು ಎಂದು ಲೆಕ್ಕ. ಅದೂ ಹೋಯಿತು. ಹೊಲಿಗೆ ನೈಲಾನಿನದು. ಹಳೇ ಚರ್ಮಕ್ಕೆ ದಾರ ಚರ್ಮಕ್ಕಿಂತ ದುರ್ಬಲವಾಗಿರಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಎಳೆತ ಬಿದ್ದರೆ ದಾರ ಹರಿಯಲಿ, ಮತ್ತೆ ಹೊಲಿಯಬಹುದು. ನೈಲಾನು ಹರಿಯುವುದಿಲ್ಲ, ತೂತಿನಿಂದ ತೂತಿಗೆ ಚರ್ಮವನ್ನೇ ಸೀಳುತ್ತದೆ. ಮೇಣ ಉಜ್ಜಿದ ನಾರಿನ ದಾರ, ಎರಡು ತುದಿಗೆ ಎರಡು ಸೂಜಿ, ಹಳೆಯ ತೂತುಗಳಲ್ಲೇ ಹಾಯಿಸಿ ಎರಡೂ ಕಡೆಯಿಂದ ಬಿಗಿಯುವುದು: ಇಷ್ಟೇ ಸಾಕಿತ್ತು. ಇದಕ್ಕೆ ಪಟ್ಟಣಕ್ಕೆ ಹೋಗಬೇಕಾಗಿಯೂ ಇರಲಿಲ್ಲ. ಕಪಿಲೆ ಬಾವಿಯ ಚರ್ಮದ ಬಾನಿ, ಎತ್ತಿನ ಕೊರಳಪಟ್ಟಿ, ಮಿಣಿ ಮಾಡಿ ಬದುಕಿದ ಮನೆತನಗಳು ಈ ಬಯಲುಸೀಮೆಯಲ್ಲೇ ಇದ್ದವು. ಅವರನ್ನು ಕರೆದು ಪರಂಪರೆಯ ಕುಶಲಿಗಳು ಎಂದು ಹೇಳಲು ನಮ್ಮ ಅಭಿಮಾನಿಗಳಿಗೆ ನಾಲಗೆ ಏಳುವುದಿಲ್ಲ. ಕಾರಣ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎಣ್ಣೆ. ಕಾನ್ಪುರದ ಕಡೆ ಚರ್ಮ ಹದ ಮಾಡಲು ಜಾಲಿ ತೊಗಟೆ ಬಳಸುತ್ತಿದ್ದರು. ದಕ್ಷಿಣದಲ್ಲಿ ತಂಗಡಿ ತೊಗಟೆ. ಕಡೂರಿನ ಬೀಳುಗಳಲ್ಲಿ ಇವತ್ತಿಗೂ ಹಳದಿ ಹೂ ಬಿಟ್ಟು ನಿಲ್ಲುವ ಅದೇ ತಂಗಡಿ. ಎರಡರಲ್ಲೂ ಇರುವ ಒಗರಿನ ಜಾತಿ ಒಂದೇ. ಅದರಲ್ಲಿ ಹದವಾದ ಚರ್ಮ ಮೊದಮೊದಲು ಬಲು ಚೆನ್ನ, ನೂರು ವರ್ಷ ಕಳೆಯುವಾಗ ಗಾಳಿಯಲ್ಲಿನ ಗಂಧಕದ ಹೊಗೆಗೆ ಸಿಕ್ಕಿ ಕೆಂಪು ಪುಡಿಯಾಗಿ ಉದುರತೊಡಗುತ್ತದೆ. ಅಳಲೆಕಾಯಿಯ ಹದಕ್ಕೆ ಈ ಕಾಟ ಕಡಿಮೆ. ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕದ ಚರ್ಮದ ರಟ್ಟು ಕೈಗೆ ಕೆಂಪು ಹಿಡಿಸುತ್ತದಲ್ಲ, ಅದೇ ರೋಗ. ಎಣ್ಣೆ ಇದಕ್ಕೆ ಮದ್ದಲ್ಲ. ಕೊಬ್ಬರಿ ಎಣ್ಣೆಯಾಗಲಿ, ವಿದೇಶಿ ಡಬ್ಬಿಯ ಗೊರಸಿನೆಣ್ಣೆಯಾಗಲಿ ನಾಲ್ಕು ದಿನ ಮೆದುವಾದಂತೆ ತೋರಿಸಿ, ಆಮೇಲೆ ಧೂಳು ಕೂಡಿಸಿ, ಬಣ್ಣ ಕಪ್ಪು ಮಾಡಿ, ಮಳೆಗಾಲದಲ್ಲಿ ಬೂಷ್ಟು ಬರಿಸುತ್ತದೆ. ಹಿತ್ತಾಳೆಯ ಬಕಲಿನ ಸುತ್ತ ಹಸಿರು ಮೇಣ ಕಟ್ಟುವುದೂ ಆ ಜಿಡ್ಡಿನಿಂದಲೇ. ವಸ್ತುಸಂರಕ್ಷಣೆಯ ವಿದ್ಯೆ ಬಲ್ಲವರು ಈ ಎಣ್ಣೆ ಸೇವೆಯನ್ನು ಕೈಬಿಟ್ಟು ದಶಕಗಳಾದವು. ನಮ್ಮಲ್ಲಿ ಅದು ಈಗ ಶುರುವಾಗಿದೆ.

ಇಷ್ಟು ಹೇಳಿದರೆ ಎದುರಿನಿಂದ ಒಂದು ಮಾತು ಬರುತ್ತದೆ: ಅವರು ಮುಟ್ಟದಿದ್ದರೆ ಇವೆಲ್ಲ ತಿಪ್ಪೆ ಸೇರುತ್ತಿದ್ದವು. ಒಪ್ಪುತ್ತೇನೆ, ಕೆಲವು ಸೇರುತ್ತಿದ್ದವು.

ನನಗೆ ಹೆಚ್ಚು ಸಿಟ್ಟು ಬರುವುದು ಪಾಲಿಶ್‌ನವರ ಮೇಲಲ್ಲ, ನಮ್ಮ ಶಿಲ್ಪ ವಿಮರ್ಶಕರ ಮೇಲೆ. ಊರಲ್ಲಿ ಹೊಲಿದ ಹಳೆಯ ಜೀನುಗಳು ಮಣ್ಣಾಗಿರುವಾಗ ಅವನ್ನು ಗುರುತಿಸಲು ನಮಗೆ ಉಳಿದಿರುವ ದೊಡ್ಡ ದಾಖಲೆ ಕಲ್ಲು. ಹಿರೇನಲ್ಲೂರಿನಲ್ಲೇ ಹೊಯ್ಸಳ ಕಾಲದ ಮಲ್ಲಿಕಾರ್ಜುನ ಗುಡಿಯಿದೆ, ತರೀಕೆರೆ ದಾರಿ ಹಿಡಿದರೆ 1196ರ ಅಮೃತಾಪುರ, ಹಳೇಬೀಡು ದೂರವೇನಲ್ಲ, ಕುದುರೆ ಸವಾರರಿರುವ ವೀರಗಲ್ಲುಗಳು ಈ ನಾಡಿನ ಊರೂರಲ್ಲೂ ನಿಂತಿವೆ. ಇವುಗಳ ಮೇಲೆ ಕನ್ನಡದಲ್ಲಿ ಬಂದ ಬರಹವನ್ನು ತಿರುವಿ ನೋಡಿ. ಶಿಲಾಬಾಲಿಕೆಯ ಬಳೆ, ಕಾಲ್ಗೆಜ್ಜೆ, ತುರುಬಿನ ವರ್ಣನೆ ಪುಟಗಟ್ಟಲೆ. ಕುದುರೆಯ ಸಾಲಿಗೆ ಬಂದಾಗ ಅಶ್ವಪಂಕ್ತಿ ಎಂದು ಒಂದು ಪದ, ಮುಂದಿನ ಸಾಲು. ಪುದುಚೇರಿಯಲ್ಲಿದ್ದ ಫ್ರೆಂಚ್ ವಿದ್ವಾಂಸ ಝಾಂ ದೆಲೋಶ್ 1989ರಲ್ಲಿ ಹೊಯ್ಸಳ ಶಿಲ್ಪದ ಯುದ್ಧ ಸಲಕರಣೆಗಳ ಮೇಲೆಯೇ ಒಂದು ಪುಸ್ತಕ ಬರೆದರು. ಮರುವರ್ಷ ಭಾರತೀಯ ಕಲೆಯಲ್ಲಿನ ಕುದುರೆ ಮತ್ತು ಸವಾರಿ ಸಾಮಾನಿನ ಮೇಲೆ ಇನ್ನೊಂದು. ನಮ್ಮ ವಿಮರ್ಶೆ ಅವನ್ನು ಸರಿಯಾಗಿ ಜಗಳಕ್ಕೂ ಎಳೆದುಕೊಂಡಿಲ್ಲ.

ಶಿಲ್ಪಿ ಕೆತ್ತಿದ್ದು ಅಲಂಕಾರ, ಪುರಾವೆಯಲ್ಲ ಎಂಬ ವಾದವಿದೆ. ಗಂಟೆ, ಹಾರ, ಕುಚ್ಚುಗಳ ಮಟ್ಟಿಗೆ ಸರಿ. ಆದರೆ ಎದೆಯ ಸುತ್ತ ಒಂದು ಪಟ್ಟಿ, ಬಾಲದ ಬುಡಕ್ಕೆ ಒಂದು ಪಟ್ಟಿ, ಹೊಟ್ಟೆಯ ಅಡಿ ಒಂದು ಪಟ್ಟಿ, ಮೂರೂ ಜೀನಿಗೇ ಬಂದು ಸೇರುವುದನ್ನು ಕಂಡಾಗ ಅಲಂಕಾರ ಎಂದು ಕೈತೊಳೆದುಕೊಳ್ಳಲಾಗದು. ಏರಿನಲ್ಲಿ ಜೀನು ಹಿಂದಕ್ಕೆ ಜಾರದಿರಲು ಎದೆಪಟ್ಟಿ, ಇಳಿಜಾರಿನಲ್ಲಿ ಮುಂದಕ್ಕೆ ಜಾರದಿರಲು ಬಾಲಪಟ್ಟಿ. ಕುದುರೆಯ ಪಕ್ಕ ನಿಂತು ನೋಡದವನಿಗೆ ಇದು ಹೊಳೆಯುವುದಿಲ್ಲ. ಕಮಾನಿಲ್ಲದ ಮೆತ್ತನೆ ತಡಿ ಹೆಚ್ಚು ಜಾರುತ್ತದೆ, ಅದಕ್ಕೆ ಎರಡೂ ಬೇಕು. ಗಟ್ಟಿ ಜೀನಿಗೂ ಕಟ್ಟಬಹುದು. ಯಾವುದು ಯಾವುದೆಂದು ತೀರ್ಮಾನಿಸಲು ಕಲ್ಲಿನ ಎದುರು ಕೂತು ಸವಾರನ ತೊಡೆಯ ಮುಂದೆ, ಬೆನ್ನ ಹಿಂದೆ ಉಬ್ಬಿದೆಯೇ ಇಲ್ಲವೇ ಎಂದು ಒಂದೊಂದಾಗಿ ನೋಡಬೇಕು. ರಿಕಾಬು ತುರ್ಕರಿಂದ ಬಂತು, ಅದಿಲ್ಲದೆ ನಮ್ಮವರು ಸೋತರು ಎಂದು ಸಲೀಸಾಗಿ ಬರೆಯುವವರಿಗೂ ಇದೇ ಉತ್ತರ. ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫರ್ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ಬಂದದ್ದು 1311ರಲ್ಲಿ. ಅದಕ್ಕೂ ಮೊದಲೇ ಕೆತ್ತಿದ ಸವಾರರ ಕಾಲು ರಿಕಾಬಿನಲ್ಲಿದೆ. ಸೋಲಿಗೆ ಬೇರೆ ಕಾರಣ ಹುಡುಕಿಕೊಳ್ಳಲಿ.

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಮನೆಗಳಲ್ಲಿ ಜೀನು ಇಟ್ಟುಕೊಂಡವರಿಗೆ ನನ್ನ ವಿನಂತಿ ಇಷ್ಟು. ಎಣ್ಣೆ ಹಚ್ಚಬೇಡಿ, ಉಪ್ಪುಕಾಗದ ಮುಟ್ಟಿಸಬೇಡಿ. ಒಣ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ. ಮೊಳೆಗೆ ನೇತುಹಾಕದೆ, ಬೆನ್ನಿನ ಆಕಾರಕ್ಕೆ ಹಳೇ ಬಟ್ಟೆ ಸುತ್ತಿ ಅದರ ಮೇಲೆ ಕೂರಿಸಿ. ಮುಂದಿನ ಹಿಂದಿನ ಕಮಾನು ಹಿಡಿದು ಮೆಲ್ಲಗೆ ಒತ್ತಿ ನೋಡಿ. ಕಿರುಗುಟ್ಟಿ ಬಾಗಿದರೆ ಒಳಗಿನ ಚೌಕಟ್ಟು ಮುರಿದಿದೆ, ಅದರ ಮೇಲೆ ಮಕ್ಕಳನ್ನೂ ಕೂರಿಸಬೇಡಿ. ಯಾರ ಕೈಗಾದರೂ ರಿಪೇರಿಗೆ ಕೊಡುವ ಮೊದಲು ಮಗುಚಿ ಹಾಕಿ, ಮುದ್ರೆ, ತೂತು, ಬೆವರಿನ ಕಲೆ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಬಿಚ್ಚಿ ತೆಗೆದ ಹಳೇ ಪಟ್ಟಿಯನ್ನು ಅವರಿಂದ ವಾಪಸು ಕೇಳಿ ಪಡೆಯಿರಿ.