ಕಣಜದ ಗೂಡು ಮತ್ತು ಬಾಹುಬಲಿಯ ತ್ಯಾಗ

ಅಣ್ಣತಮ್ಮಂದಿರು ಪಾಲಾಗುವಾಗ, ಸ್ವಾರ್ಥವೇ ಸೃಷ್ಟಿನಿಯಮ, ವಿಜ್ಞಾನವೂ ಹಾಗೆನ್ನುತ್ತದೆ ಎಂಬ ಮಾತು ಶಿರಸಿಯ ಅಂಗಡಿಸಾಲಿನಲ್ಲಿಯೂ ಕೇಳಿಬರುತ್ತದೆ. ವಿಜ್ಞಾನವು ನಿಜವಾಗಿ ಏನೆನ್ನುತ್ತದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರರು ನಮ್ಮ ನಾಡಿನ ಕಣಜದ ಹುಳುವನ್ನು ಕುರಿತು 2001ರಲ್ಲಿ ಪ್ರಕಟಿಸಿದ ಗ್ರಂಥವು, ಓದಲು ಕಠಿಣವಾದರೂ, ಇದಕ್ಕೆ ಉತ್ತರ ನೀಡಬಲ್ಲದು.

ಪರೋಪಕಾರವು ಬೆಳೆಯಲು ರಕ್ತಸಂಬಂಧದ ನಿಕಟತೆ ನೆರವಾಗುವುದೆಂದು 1964ರಲ್ಲಿ ಹ್ಯಾಮಿಲ್ಟನ್ ಗಣಿತದಿಂದ ತೋರಿಸಿದರು. ಈ ಕಣಜಗಳಾದರೋ ಪರಸ್ಪರ ಅಷ್ಟೊಂದು ನಿಕಟ ಬಂಧುಗಳಲ್ಲ. ಆದರೂ ಅನ್ಯರ ಮರಿಗಳನ್ನು ಸಾಕುತ್ತವೆ. ಒಂಟಿ ಕಣಜವು ನಡುವೆ ಸತ್ತರೆ ಮರಿಗಳೂ ನಾಶ. ಕೂಡುಗೂಡಿನಲ್ಲಿ ಉಳಿದ ಕೆಲಸವನ್ನು ಇನ್ನೊಂದು ಪೂರೈಸುತ್ತದೆ. ಅವಿಭಕ್ತ ಕುಟುಂಬದ ವ್ಯಾಪಾರವನ್ನು ಬಲ್ಲವರಿಗೆ ಈ ಲೆಕ್ಕ ಅಪರಿಚಿತವಲ್ಲ.

ಆದರೆ ಇದೂ ಲಾಭದ ಲೆಕ್ಕವೇ. ಕಣಜದಿಂದ ನೇರವಾಗಿ ಮನುಷ್ಯಧರ್ಮಕ್ಕೆ ಹಾರುವುದು ಓದುಗನ ದೋಷವೇ ಹೊರತು ಗ್ರಂಥದ್ದಲ್ಲ. ಬನವಾಸಿಯನ್ನು ಮನದುಂಬಿ ನೆನೆದ ಪಂಪನು 941ರ ಆದಿಪುರಾಣದಲ್ಲಿ ಚಿತ್ರಿಸಿದ ಬಾಹುಬಲಿಯು, ಗೆದ್ದ ನೆಲವನ್ನು ಸೋತ ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಡೆದನು. ಆ ತ್ಯಾಗವನ್ನು ಯಾವ ಖಾತೆಗೆ ಜಮೆ ಮಾಡೋಣ? ನಮ್ಮ ಪ್ರವೃತ್ತಿಗಳು ಎಲ್ಲಿಂದ ಬಂದವೆಂಬುದನ್ನು ವಿಜ್ಞಾನವು ತಿಳಿಸಲಿ. ಪಾಲುಪತ್ರಕ್ಕೆ ರುಜು ಹಾಕುವ ಕೈ ಮಾತ್ರ ನಮ್ಮದೇ.