ನೀತಿ ಯಾರ ಮನೀದು?

ದೇವರ ಭಯ ಇಲ್ಲದವನಿಗೆ ನೀತಿ ಎಲ್ಲೀದು ಅಂತ ಆಳಂದದ ನಮ್ಮ ಕ್ರೈಸ್ತ ಬಂಧುಗಳು ಕೇಳುತ್ತಾರೆ. ದೇವರನ್ನು ಬಿಟ್ಟ ಮೇಲೇ ನೀತಿ ಶುರು ಅನ್ನುತ್ತಾರೆ ಜೇವರ್ಗಿಯ ನಾಸ್ತಿಕ ಗೆಳೆಯರು. ಇಬ್ಬರ ಮನೆ ನೀರೂ ಕುಡಿದವನು ನಾನು. ಪ್ರಾರ್ಥನೆ ಮುಗಿಸಿ, ಜಾತಿ ಕೇಳದೆ ರೊಟ್ಟಿ ಕೊಟ್ಟ ಅವ್ವನನ್ನು ಕಂಡಿದ್ದೇನೆ. ಅದೇ ಪ್ರಾರ್ಥನೆ ಮುಗಿಸಿ ಎಡಗೈ-ಬಲಗೈ ಅಂತ ಬೀಗತನ ಮುರಿದವರನ್ನೂ ಕಂಡಿದ್ದೇನೆ. ದೇವರಿಲ್ಲವೆಂದು ಭಾಷಣ ಬಿಗಿದವನು ಮಗಳಿಗೆ ಸ್ವಜಾತಿ ವರನನ್ನೇ ಹುಡುಕಿದ. ಹಂಗಾದ್ರ ನೀತಿ ಎಲ್ಲದ?

ಬಾಬಾಸಾಹೇಬರು ಈ ಗಂಟು ಬಿಚ್ಚಿದ್ದಾರೆ. ಅವರು ತೀರಿದ ಮೇಲೆ, 1957ರಲ್ಲಿ ಬಂದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ದೇವರ ಜಾಗದಲ್ಲಿ ನೀತಿಯನ್ನೇ ಕೂರಿಸಿದರು. ಮನುಷ್ಯನಿಗೆ ಮನುಷ್ಯ ಬೇಕು, ಅದಕ್ಕೇ ನೀತಿ ಬೇಕು. ಆದರೆ ಬರೀ ದೇವರನ್ನು ಅಲ್ಲಗಳೆದು ಅವರು ಸುಮ್ಮನಾಗಲಿಲ್ಲ; ಒಂದೊಂದು ಜಾತಿಗೆ ಒಂದೊಂದು ನೀತಿ ಸಲ್ಲದು, ಎಲ್ಲರದೂ ಆದ ನೀತಿಯೇ ಪವಿತ್ರವಾಗಬೇಕು ಎಂದರು.

ಅಫಜಲಪುರದ ಬಿದನೂರಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪ ದೇವರನ್ನು ಬಿಟ್ಟವರಲ್ಲ. ಆದರೂ ಚನ್ನೂರ ಜಲಾಲಸಾಹೇಬರು ಅವರ ಶಿಷ್ಯರಾದರು.

ಆದ್ದರಿಂದ ದಲಿತ ವಿಮರ್ಶೆ ಒಂದು ಕೃತಿಯನ್ನು ದೇವರು ಇದ್ದಾನೋ ಇಲ್ಲವೋ ಎಂದು ಕೇಳಬಾರದು. ಅದರೊಳಗೆ ಯಾರ ತಂಬಿಗೆ ಯಾರ ಕೈಗೆ ಹೋಗ್ತದ, ಅದನ್ನು ಕೇಳಬೇಕು. ನಮ್ಮ ಮನೆಗಳನ್ನೂ ಬಿಡಬಾರದು.