ಹರಳೆಣ್ಣೆಗೆ ಹೊಸ ಪ್ಯಾಕಿಂಗ್

ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಯಾವುದಾದರೂ ಗ್ರಂಥಿಗೆ ಅಂಗಡಿಗೆ ಹೋಗಿ ಹರಳೆಣ್ಣೆ ಕೇಳಿ. "ತಲೆಗಾ, ದೀಪಕ್ಕಾ?" ಅಂತ ಕೇಳ್ತಾರೆ, ಅಷ್ಟೆ. ಅದೇ ಎಣ್ಣೆ ಈಗ ಕಂದು ಗಾಜಿನ ಬಾಟಲಿ, ಮೆತ್ತನೆ ಫ್ಲಾನೆಲ್ ಬಟ್ಟೆ, ಹೊಟ್ಟೆಗೆ ಕಟ್ಟಿಕೊಳ್ಳೋ ಪಟ್ಟಿ ಸಮೇತ 'ಕ್ಯಾಸ್ಟರ್ ಆಯಿಲ್ ಪ್ಯಾಕ್' ಆಗಿ ನಮ್ಮ ಮೊಬೈಲಿಗೆ ಬಂದಿದೆ. ರಾತ್ರಿ ಕಟ್ಟಿಕೊಂಡು ಮಲಗಿದರೆ ಲಿವರ್ ಡಿಟಾಕ್ಸ್ ಆಗುತ್ತಂತೆ, ಪಿಸಿಓಡಿ ಸರಿಹೋಗುತ್ತಂತೆ, ಗರ್ಭಕೋಶದ ಗಡ್ಡೆ ಕರಗುತ್ತಂತೆ. ಎಣ್ಣೆ ಮೇಲೆ ನನಗೇನೂ ಸಿಟ್ಟಿಲ್ಲ. ಈ 'ಅಂತೆ'ಗಳ ಮೇಲಿದೆ.

ಮೊದಲು ಜಾತಕ ನೋಡೋಣ. ಆಯುರ್ವೇದದಲ್ಲಿ ಏರಂಡ ತೈಲಕ್ಕೆ ದೊಡ್ಡ ಜಾಗ ಇದೆ, ಮುಖ್ಯವಾಗಿ ವಿರೇಚನಕ್ಕೆ, ವಾತದ ನೋವಿಗೆ. ಆದರೆ ಫ್ಲಾನೆಲ್ ಬಟ್ಟೆ ನೆನೆಸಿ ಹೊಟ್ಟೆ ಮೇಲಿಟ್ಟು ಬಿಸಿ ಕೊಡೋ ಈ ಪದ್ಧತಿಯನ್ನು ಅಮೆರಿಕದಲ್ಲಿ ಜನಪ್ರಿಯ ಮಾಡಿದ್ದು ಎಡ್ಗರ್ ಕೇಸಿ. 1945ರಲ್ಲಿ ತೀರಿಕೊಂಡ ಈತ ವೈದ್ಯನಲ್ಲ. ನಿದ್ದೆಯಂಥ ಸ್ಥಿತಿಯಲ್ಲಿ ಮಲಗಿ, ಜನರ ಕಾಯಿಲೆಗಳಿಗೆ ಪರಿಹಾರ ಹೇಳ್ತಿದ್ದವನು. 'ಪ್ರಾಚೀನ ಭಾರತದ ರಹಸ್ಯ' ಅಂತ ಕಿಟ್ ಮಾರುವಾಗ ಈ ಭಾಗವನ್ನು ಯಾರೂ ಹೇಳಲ್ಲ.

ಇನ್ನು ಎಣ್ಣೆ ಕೆಲಸ ಮಾಡೋ ರೀತಿ. ಹರಳೆಣ್ಣೆ ಕುಡಿದರೆ ಭೇದಿ ಆಗೋದು ನಿಜ, ಅದು ಯಾಕೆ ಅಂತಲೂ ಗೊತ್ತು. ಸಣ್ಣ ಕರುಳಿನ ಜೀರ್ಣರಸ ಎಣ್ಣೆಯನ್ನು ಒಡೆದು ರಿಸಿನೋಲಿಯಿಕ್ ಆಮ್ಲವನ್ನು ಬಿಡಿಸುತ್ತೆ. ಆ ಆಮ್ಲ ಇಪಿ3 ಅನ್ನೋ ಗ್ರಾಹಕದ ಮೂಲಕ ಕರುಳಿನ ಸ್ನಾಯುವನ್ನು ಕೆರಳಿಸುತ್ತೆ ಅಂತ 2012ರಲ್ಲಿ ಜರ್ಮನಿಯ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಗರ್ಭಕೋಶದ ಸ್ನಾಯುವೂ ಅದೇ ದಾರಿಯಲ್ಲಿ ಕೆರಳುತ್ತೆ. ಬಸುರಿಯರು ಇದನ್ನು ಮನಸ್ಸಿಗೆ ಬಂದಂತೆ ಕುಡೀಬಾರದು ಅನ್ನೋದು ಅದಕ್ಕೇ. ಹೊಟ್ಟೆಯ ಚರ್ಮದ ಮೇಲೆ ಕರುಳಿನ ಜೀರ್ಣರಸ ಇಲ್ಲವಲ್ಲ! ಚರ್ಮದ ಹೊರಪದರ ಇರೋದೇ ಹೊರಗಿನದನ್ನು ಹೊರಗಿಡೋಕೆ. ಎಣ್ಣೆ ಅಲ್ಲಿಂದ ಇಳಿದು ಲಿವರ್ ತೊಳೆಯುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ತೊಳೆಯೋ ಕೆಲಸ ಲಿವರಿನದ್ದೇ, ಅದಕ್ಕೆ ಇನ್ನೊಬ್ಬ ಕೆಲಸದವರನ್ನು ಇಡಬೇಕಿಲ್ಲ.

ಹಾಗಂತ ಪ್ಯಾಕ್ ಬಗ್ಗೆ ಅಧ್ಯಯನವೇ ಆಗಿಲ್ಲ ಅಂತಲ್ಲ. ಮಲಬದ್ಧತೆ ಇದ್ದ 35 ಜನ ವಯಸ್ಸಾದವರ ಮೇಲೆ ಟರ್ಕಿಯಲ್ಲಿ ನಡೆದ ಒಂದು ಸಣ್ಣ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎಷ್ಟು ಸಲ ಹೋಗ್ತಾರೆ ಅನ್ನೋದು ಬದಲಾಗಲಿಲ್ಲ, ಆದರೆ ತಿಣುಕೋದು ಕಡಿಮೆಯಾಯಿತು. ಒಪ್ಪೋಣ. ಆದರೆ ಅಲ್ಲಿಂದ ಫೈಬ್ರಾಯ್ಡ್ ಕರಗೋವರೆಗೆ ದಾರಿ ಬಹಳ ಉದ್ದ ಇದೆ.

"ನಂಗೆ ಮುಟ್ಟಿನ ನೋವು ಕಡಿಮೆ ಆಯ್ತಲ್ಲ?" ಅಂತ ನೀವು ಕೇಳಬಹುದು. ಖಂಡಿತ ಆಗಿರುತ್ತೆ. ಕಿಬ್ಬೊಟ್ಟೆಗೆ ಹದವಾದ ಶಾಖ ಕೊಟ್ಟರೆ ಐಬುಪ್ರೊಫೆನ್ ಮಾತ್ರೆಯಷ್ಟೇ ಆರಾಮ ಸಿಗುತ್ತೆ ಅಂತ 2001ರ ಒಂದು ಅಧ್ಯಯನ ಕಂಡುಕೊಂಡಿದೆ. ಅದರಲ್ಲಿ ಎಣ್ಣೆಯೇ ಇರಲಿಲ್ಲ. ಮೆಡಿಕಲ್ ಸ್ಟೋರಿನ ರಬ್ಬರ್ ಬಿಸಿನೀರಿನ ಚೀಲ ಮಾಡೋ ಕೆಲಸದ ಕ್ರೆಡಿಟ್ಟನ್ನು ಕಿಟ್ ತಗೋತಾ ಇದೆ. ಜೊತೆಗೆ ಒಂದು ಗಂಟೆ ಫೋನ್ ಪಕ್ಕಕ್ಕಿಟ್ಟು ಸುಮ್ಮನೆ ಮಲಗ್ತೀವಲ್ಲ, ಆಫೀಸು-ಮೆಟ್ರೋ-ಮನೆ ಅಂತ ಓಡೋ ನಮಗೆ ಅದೇ ದೊಡ್ಡ ಔಷಧಿ.

ಇಷ್ಟೇ ಆಗಿದ್ದರೆ ನಾನು ಬರೀತಾ ಇರಲಿಲ್ಲ. ಹಾಸಿಗೆ ಜಿಡ್ಡಾದರೆ ಅವರವರ ಪಾಡು. ಬಸವೇಶ್ವರನಗರದಲ್ಲಿರೋ ನನ್ನ ಚಿಕ್ಕಮ್ಮನ ಮಗಳಿಗೆ ತಿಂಗಳಿಗೆ ಒಂಬತ್ತು-ಹತ್ತು ದಿನ ರಕ್ತ ಹೋಗ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಸ್ಕ್ಯಾನ್ ಮಾಡಿಸು ಅಂದರೆ, "ಅಕ್ಕ, ಇನ್ನೊಂದು ತಿಂಗಳು ಪ್ಯಾಕ್ ಹಾಕಿ ನೋಡ್ತೀನಿ. ನ್ಯಾಚುರಲ್ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ" ಅಂದಳು. ಹಾಗೇ ನಾಲ್ಕು ತಿಂಗಳು ಹೋಯಿತು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಏಳು, ಸ್ಕ್ಯಾನಿನಲ್ಲಿ ಫೈಬ್ರಾಯ್ಡ್. ಚಿಕಿತ್ಸೆ ಆಯ್ತು, ಈಗ ಚೆನ್ನಾಗಿದ್ದಾಳೆ. ಎಣ್ಣೆ ಅವಳಿಗೆ ಏನೂ ಮಾಡಲಿಲ್ಲ ನಿಜ. ಕಳೆದುಹೋದ ಆ ನಾಲ್ಕು ತಿಂಗಳೇ ಸೈಡ್ ಎಫೆಕ್ಟ್.

ಮುಟ್ಟಿನ ತೊಂದರೆ ಸರಿಪಡಿಸ್ತೀವಿ ಅಂತ ಔಷಧಿಯ ಜಾಹೀರಾತು ಕೊಡೋದನ್ನು 1954ರಲ್ಲೇ ಒಂದು ಕಾಯ್ದೆ ನಿಷೇಧಿಸಿದೆ. ಗರ್ಭಕೋಶದ ಕಾಯಿಲೆಗಳೂ ಅದರ ಪಟ್ಟಿಯಲ್ಲಿವೆ. ಅದಕ್ಕೇ ಬಾಟಲಿ ಮೇಲೆ 'ಬ್ಯಾಲೆನ್ಸ್', 'ಸಪೋರ್ಟ್' ಅನ್ನೋ ಮೆತ್ತನೆ ಪದಗಳು. ಗಡ್ಡೆ ಕರಗಿಸೋ ಮಾತು ರೀಲ್ಸ್‌ನಲ್ಲಿ ನಗುತ್ತಾ ಕೂತವರ ಬಾಯಲ್ಲಿ.

"ನಮ್ಮಜ್ಜಿ ಮಾಡ್ತಿದ್ರು" ಅನ್ನೋ ವಾದ ಒಂದು ಉಳೀತು. ಅಜ್ಜಿಯರು ಹರಳೆಣ್ಣೆಯನ್ನು ನೆತ್ತಿಗೆ ತಟ್ಟಿದರು, ದೀಪಕ್ಕೆ ಹಾಕಿದರು, ಹುಳ ಬೀಳದಂತೆ ತೊಗರಿಬೇಳೆಗೆ ಸವರಿದರು, ವೀಳ್ಯದೆಲೆ ಬೆಚ್ಚಗೆ ಮಾಡಿ ಮಗುವಿನ ಹೊಟ್ಟೆ ಮೇಲಿಟ್ಟರು. ಮಕ್ಕಳ ಮೂಗು ಹಿಡಿದು ಭೇದಿಗೂ ಕುಡಿಸಿದರು. ಅದನ್ನು ಯಾರೂ ವಾಪಸ್ ತರೋದು ಬೇಡ. ಆದರೆ ಅವರು ಹರಳೆಣ್ಣೆಯಿಂದ ಕೇಳಿದ್ದು ತಂಪು, ನಿದ್ದೆ, ಸ್ವಲ್ಪ ಸಮಾಧಾನ. ಹಾರ್ಮೋನ್ ಸರಿಮಾಡು ಅಂತ ಅವರು ಕೇಳಿರಲಿಲ್ಲ.

ಇಷ್ಟವಿದ್ದರೆ ಹಚ್ಚಿಕೊಳ್ಳಿ. ಮೊದಲು ಮುಂಗೈ ಮೇಲೆ ಸ್ವಲ್ಪ ಸವರಿ ನೋಡಿ, ಕೆಲವರಿಗೆ ಅಲರ್ಜಿ ಆಗುತ್ತೆ. ಬಿಸಿ ಹದವಾಗಿರಲಿ, ಹೀಟಿಂಗ್ ಪ್ಯಾಡ್ ಹಾಕಿಕೊಂಡೇ ನಿದ್ದೆ ಹೋಗಬೇಡಿ. ಬಸುರಿಯಾಗಿದ್ದರೆ ಪ್ಯಾಕ್ ಬೇಡ. ಹೊಟ್ಟೆನೋವಿನ ಜೊತೆ ಜ್ವರ, ವಾಂತಿ ಇದ್ದರೆ, ನೋವು ಬಲಗಡೆ ಕೆಳಗೆ ನಿಂತಿದ್ದರೆ, ಏಳು ದಿನ ದಾಟಿಯೂ ರಕ್ತ ಹೋಗ್ತಾ ಇದ್ದರೆ, ಎಣ್ಣೆ ಬಾಟಲಿ ಮುಚ್ಚಿಟ್ಟು ಡಾಕ್ಟರ ಹತ್ತಿರ ಹೋಗಿ.